ಕಾಲು ಯಾವ್ದು ಅಂತ ಹೇಳೋ ಮೆಷಿನ್ನು: ಎಲ್‌ಸಿಆರ್-ಟಿ4 ಟೆಸ್ಟರ್, ಒಂದೂವರೆ ವರ್ಷ ಬಳಸಿದ್ಮೇಲೆ

ಎಸ್‌ಎಸ್ ಪುರಂ ಕಡೆ ಒಬ್ರು ಆಂಟಿ ಮನೆ ವಾಟರ್ ಲೆವೆಲ್ ಕಂಟ್ರೋಲರ್ ಕೆಟ್ಟಿದ್ರಿಂದ ನಾನು ಟ್ರಾನ್ಸಿಸ್ಟರ್ ಥರದ ಪಾರ್ಟು ಚೆಕ್ ಮಾಡೋ ಈ ಟೆಸ್ಟರ್ ತಗೊಂಡಿದ್ದು. ರಿಲೇ, ಅಂದ್ರೆ ಮೋಟರ್ ಆನ್ ಮಾಡೋ ಸ್ವಿಚ್ಚು, ಎಳೀತಿರ್ಲಿಲ್ಲ, ಬಿಚ್ಚಿ ನೋಡಿದ್ರೆ ರಿಲೇ ಓಡ್ಸೋ ಬಿಸಿ547 ಅನ್ನೋ ಟ್ರಾನ್ಸಿಸ್ಟರ್ ಹೋಗಿತ್ತು, ಎರಡು ರೂಪಾಯಿ ಮಾಲು. ನನ್ ಡಬ್ಬೀಲಿ ಅವತ್ತು 547 ಖಾಲಿ, 2ಎನ್2222 ಅಂತ ಬರ್ದಿರೋ ಕಪ್ಪು ಪ್ಲಾಸ್ಟಿಕ್ ಪೀಸು ಒಂದು ಹಿಡಿ ಇತ್ತು, ಅದೂ ಎನ್‌ಪಿಎನ್ ತಾನೇ, ಅದೂ ರಿಲೇ ಎಳಿಯುತ್ತೆ, ಮೊಬೈಲಲ್ಲಿ ಚಿತ್ರ ನೋಡ್ದೆ, ಚಪ್ಪಟೆ ಮುಖ ನಮ್ ಕಡೆ ಇಟ್ರೆ ಎಡದಿಂದ ಮೂರು ಕಾಲು ಎಮಿಟರ್, ಬೇಸ್, ಕಲೆಕ್ಟರ್ ಅಂತ ಇತ್ತು. 547 ಅದಕ್ಕೆ ಉಲ್ಟಾ, ಕಲೆಕ್ಟರ್, ಬೇಸ್, ಎಮಿಟರ್. ಸರಿ ಬಿಡು ಅಂತ ಹಿಂದು ಮುಂದು ತಿರುಗ್ಸಿ ಬೆಸುಗೆ ಹಾಕಿ, ಎಲ್‌ಇಡಿ ಹತ್ತಿದ್ದು ನೋಡಿ, ಕೊಟ್ಟು ಬಂದೆ.

ರಾತ್ರಿ ಎಂಟೂವರೆಗೆ ಫೋನು. "ಏನಪ್ಪಾ, ನಲ್ಲೀಲಿ ನೀರು ಬಂದು ಸಂಪು ತುಂಬೈತೆ, ಮ್ಯಾಲಿನ್ ಟ್ಯಾಂಕು ಖಾಲಿ, ನಿನ್ ಮಿಷನ್ನು ಗುರ್ರ್ ಅಂತೈತೆ ಅಷ್ಟೇಯ."

ಓಡೋಗಿ ನೋಡಿದ್ರೆ ಟ್ರಾನ್ಸಿಸ್ಟರ್ ಸತ್ತಿಲ್ಲ, ಸುಟ್ಟಿಲ್ಲ, ಉಲ್ಟಾ ಕೂತಿದೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಪ್ಲಾಸ್ಟಿಕ್ ಮೈಯಲ್ಲಿ ಬರೋ 2222 ಎರಡು ಥರ ಇದೆ. ಪಿಎನ್2222ಎ ಅಂದ್ರೆ ಎಮಿಟರ್-ಬೇಸ್-ಕಲೆಕ್ಟರ್, ಪಿ2ಎನ್2222ಎ ಅಂದ್ರೆ ಕಲೆಕ್ಟರ್-ಬೇಸ್-ಎಮಿಟರ್. ಹೆಸರಲ್ಲಿ ಒಂದೇ ಒಂದು "2"ರ ವ್ಯತ್ಯಾಸ, ಕಾಲು ಪೂರ್ತಿ ಅದಲು ಬದಲು, ಮೈ ಮೇಲೆ ಬರ್ದಿರೋದು ಮಾತ್ರ ಎಷ್ಟೋ ಸಲ ಬರೀ 2222. ಈ ಥರ ಕಲೆಕ್ಟರ್ ಎಮಿಟರ್ ಅದಲು ಬದಲಾದ್ರೆ ಟ್ರಾನ್ಸಿಸ್ಟರ್ ಸುಮ್ನೆ ಇರಲ್ಲ ನೋಡಿ, ಅದೇ ತಲೆನೋವು, ಒಂಚೂರು ಕೆಲ್ಸ ಮಾಡುತ್ತೆ. ಗೇನ್, ಅಂದ್ರೆ ಬೇಸಿಗೆ ಕೊಟ್ಟ ಕರೆಂಟನ್ನ ಎಷ್ಟು ಪಟ್ಟು ಮಾಡುತ್ತೆ ಅನ್ನೋದು, ನೂರಾರು ಇದ್ದಿದ್ದು ನಾಲ್ಕೈದಕ್ಕೆ ಇಳಿಯುತ್ತೆ, ಜೊತೆಗೆ ಎಮಿಟರ್ ಬೇಸ್ ಮಧ್ಯೆ ಉಲ್ಟಾ ವೋಲ್ಟೇಜ್ ಆರೇಳು ವೋಲ್ಟ್ ದಾಟಿದ್ರೆ ಅಲ್ಲೇ ಲೀಕ್ ಆಗುತ್ತೆ, ನಮ್ ರಿಲೇ ಇರೋದು 12 ವೋಲ್ಟಲ್ಲಿ. 12 ವೋಲ್ಟಿನ ಸಣ್ಣ ರಿಲೇಗೆ 30 ಮಿಲಿಆಂಪ್ ಬೇಕು, ಇದು ಅರ್ಧಂಬರ್ಧ ಕೊಡುತ್ತೆ, ರಿಲೇ ಗುರ್ರ್ ಅನ್ನುತ್ತೆ. ಪೂರ್ತಿ ಸತ್ತಿದ್ರೆ ಟೇಬಲ್ ಮೇಲೇ ಸಿಕ್ಕಿಬೀಳ್ತಿತ್ತು.

ಆ ರಾತ್ರಿ ಟಾರ್ಚ್ ಹಿಡ್ಕೊಂಡು ಅವರ ಮೆಟ್ಟಿಲ ಮೇಲೇ ಐರನ್ ಕಾಯ್ಸಿ ತಿರುಗ್ಸಿ ಹಾಕ್ದೆ, ಮನೇಗೆ ಬಂದವನೇ ಆನ್‌ಲೈನಲ್ಲಿ ಈ ಟೆಸ್ಟರ್ ಆರ್ಡರ್ ಮಾಡ್ದೆ. ನಂಗೆ ಬಿದ್ದಿದ್ದು ಏಳ್ನೂರು ಚಿಲ್ರೆ. ಎಸ್‌ಪಿ ರೋಡಲ್ಲೂ ಸಿಗುತ್ತೆ, ತುಮಕೂರಿಂದ ಟ್ರೈನ್ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳಿದು ಹೋಗೋದೇನ್ ದೊಡ್ಡ ಕಷ್ಟ ಅಲ್ಲ, ಆದ್ರೆ ಅಲ್ಲಿಗೆ ಹೋದ್ರೆ ಒಂದಕ್ಕೆ ಅಂತ ಹೋಗಿ ಎರಡು ಸಾವ್ರ ಬಿಟ್ಟು ಬರೋ ಖಾಯಿಲೆ ನಂದು.

ಬಂದಿದ್ದು ಬರೀ ಬೋರ್ಡು, ಡಬ್ಬಿ ಇಲ್ಲ. ಹಸಿರು ಡಿಸ್‌ಪ್ಲೇ, ಒಂದು ಬಟನ್ನು, 9 ವೋಲ್ಟ್ ಬ್ಯಾಟರಿ ಕ್ಲಿಪ್ಪು, ಲಿವರ್ ಇರೋ ಸಾಕೆಟ್ಟು. ಸಾಕೆಟ್ಟಲ್ಲಿ 1, 2, 3 ಅಂತ ನಂಬರ್ ಇದೆ, ಅದೇ ಮೂರು ನಂಬರ್ ತಿರ್ಗಾ ಮುರ್ಗಾ ಬರುತ್ತೆ, ಕಾಲು ದೂರ ಇದ್ರೂ ಹತ್ರ ಇದ್ರೂ ಎಲ್ಲೋ ಒಂದು ಕಡೆ ಸರಿ ಹೊಂದ್ಲಿ ಅಂತ. ಟ್ರಾನ್ಸಿಸ್ಟರನ್ನ ಹೆಂಗ್ ಬೇಕಾದ್ರೂ ಇಡಿ, ಉಲ್ಟಾನೋ ಸೀದಾನೋ, ಲಿವರ್ ಒತ್ತಿ, ಬಟನ್ ಒತ್ತಿ, ಒಂದೆರಡು ಸೆಕೆಂಡಲ್ಲಿ ಚಿತ್ರ ಬರ್ದು ತೋರ್ಸುತ್ತೆ: ಎನ್‌ಪಿಎನ್, 1 ಎಮಿಟರ್, 2 ಬೇಸ್, 3 ಕಲೆಕ್ಟರ್, ಗೇನ್ ಇಷ್ಟು, ಬೇಸ್ ಎಮಿಟರ್ ವೋಲ್ಟೇಜ್ ಇಷ್ಟು. ಒಳಗೆ ಇರೋದು ಎಟಿಮೆಗಾ328 ಅನ್ನೋ ಮೈಕ್ರೋಕಂಟ್ರೋಲರ್, ಆರ್ಡುಯಿನೋ ಉನೋದಲ್ಲಿ ಇರುತ್ತಲ್ಲ ಅದೇ. ಮೂರು ಕಾಲಿಗೂ 680 ಓಮ್ ಒಂದು, 470 ಕಿಲೋಓಮ್ ಒಂದು ರೆಸಿಸ್ಟರ್ ಇಟ್ಟು, ಇದನ್ನ ಮೇಲೆ ಕಟ್ಟಿ ಅದನ್ನ ಕೆಳಗೆ ಕಟ್ಟಿ ಎಲ್ಲಾ ಥರದಲ್ಲೂ ಕರೆಂಟ್ ಹರಿಸಿ ನೋಡುತ್ತೆ ಅಷ್ಟೇ. ಡಿಸೈನು ಜರ್ಮನಿಯ ಹವ್ಯಾಸಿಗಳದ್ದು, ಮಾರ್ಕುಸ್ ಫ್ರೆಯೆಕ್ ಅನ್ನೋರು ಶುರು ಮಾಡಿದ್ದು, ಕಾರ್ಲ್-ಹೈನ್ಸ್ ಕ್ಯುಬೆಲರ್ ಅದನ್ನ ಬೆಳೆಸಿದ್ದು, ಪೂರ್ತಿ ಓಪನ್ ಆಗಿ ಬಿಟ್ಟಿದ್ದಾರೆ, ಚೀನಾದವರು ಅದನ್ನೇ ಅಚ್ಚು ಹಾಕಿ ಮಾರ್ತಿರೋದು.

ಬಂದ ದಿನ ರಾತ್ರಿ ಹನ್ನೊಂದರವರೆಗೂ ಡಬ್ಬೀಲಿದ್ದ ಟಿಓ-92 ಎಲ್ಲಾ ಒಂದೊಂದೇ ಹಾಕ್ತಾ ಕೂತೆ. ಟಿಓ-92 ಅಂದ್ರೆ ಆ ಅರ್ಧ ಚಂದ್ರಾಕಾರದ ಕಪ್ಪು ಮೈ, ಮೂರು ಕಾಲು, ಎಲ್ರಿಗೂ ಗೊತ್ತಿರೋದು. ಟಿಓ ಅಂದ್ರೆ ಟ್ರಾನ್ಸಿಸ್ಟರ್ ಔಟ್‌ಲೈನ್, ಮೈಯ ಆಕಾರ ಅಳತೆ ಮಾತ್ರ ಅದು ಹೇಳೋದು, ಒಳಗೆ ಯಾವ ಕಾಲು ಯಾವುದಕ್ಕೆ ಅಂತ ಅದು ಯಾವತ್ತೂ ಮಾತು ಕೊಟ್ಟಿಲ್ಲ. ಇದನ್ನ ಮರೆತೇ ನಾವೆಲ್ಲಾ ಏಟು ತಿನ್ನೋದು. ಯೂರೋಪಿನ ಕಡೆ ಬಿಸಿ547, 557, 337 ಕಲೆಕ್ಟರ್-ಬೇಸ್-ಎಮಿಟರ್. ಅಮೆರಿಕದ್ದು 2ಎನ್3904, 3906, 5551 ಎಮಿಟರ್-ಬೇಸ್-ಕಲೆಕ್ಟರ್. ಚೀನಾ ರೇಡಿಯೋಗಳಲ್ಲಿ ಬರೋ ಎಸ್8050 ಕೂಡ ಹಂಗೇ. ಇವುಗಳಲ್ಲಿ ಒಂದ್ರ ಜಾಗಕ್ಕೆ ಇನ್ನೊಂದು ಬೇಕಾದ್ರೆ ಮುಖ ತಿರುಗ್ಸಿದ್ರೆ ಸಾಕು, ಬೇಸ್ ಮಧ್ಯದಲ್ಲೇ ಇರುತ್ತೆ. ಜಪಾನಿಂದು ಬಂದ್ರೆ ಆಟ ಬೇರೆ. ಸಿ1815, ಸಿ945 ಅಂತ ಬರ್ದಿರೋವು, ನಿಜ ಹೆಸರು 2ಎಸ್‌ಸಿ1815, ಮೊದಲಿನ 2ಎಸ್ ಮೈ ಮೇಲೆ ಹಾಕಲ್ಲ, ಅವು ಎಮಿಟರ್-ಕಲೆಕ್ಟರ್-ಬೇಸ್. ಮಧ್ಯದ ಕಾಲೇ ಕಲೆಕ್ಟರು. ಇದನ್ನ 547 ಜಾಗಕ್ಕೆ ಹೆಂಗ್ ತಿರುಗ್ಸಿದ್ರೂ ಕೂರಲ್ಲ, ಕಾಲನ್ನ ಜಡೆ ಹಾಕ್ದಂಗೆ ಒಂದ್ರ ಮೇಲೊಂದು ದಾಟಿಸಿ ಸ್ಲೀವ್ ಹಾಕಿ ಕೂರಿಸ್ಬೇಕು. ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡ್ದೋರಿಗೆ ಈ ಜಡೆ ಗೊತ್ತು.

ಇದೆಲ್ಲಾ ಬಾಯಿಪಾಠ ಇದ್ರೂ ನಾನು ಈಗ ಬೆಸುಗೆಗೆ ಮುಂಚೆ ಒಂದ್ಸಲ ಟೆಸ್ಟರಿಗೆ ಇಟ್ಟೇ ಹಾಕೋದು. ಯಾಕಂದ್ರೆ ಅವತ್ತು ರಾತ್ರಿ ಚೆಕ್ ಮಾಡಿದಾಗ 2222 ಅಂತ ಒಂದೇ ಕವರಲ್ಲಿ ಬಂದಿದ್ದ ಪೀಸುಗಳಲ್ಲೇ ಎರಡು ಜಾತಿ ಸಿಕ್ತು. ಅಂಗಡಿಯವರನ್ನ ಬೈದು ಏನ್ ಮಾಡೋದು, ಅವರಿಗೂ ಹಂಗೇ ಬಂದಿರುತ್ತೆ.

ಹಳೇ ಲೋಹದ ಟೋಪಿ ಇರೋವಕ್ಕೆ ಟೆಸ್ಟರ್ ಬೇಕೇ ಇಲ್ಲ. ಕಾಲೇಜ್ ಲ್ಯಾಬಲ್ಲಿ ಎಲ್ರೂ ಬಳಸಿರೋ ಎಸ್‌ಎಲ್100, ಬಿಸಿ107 ಥರದ್ದು, ಅಂಚಲ್ಲಿ ಒಂದು ಸಣ್ಣ ನಾಲಿಗೆ ಹೊರಗೆ ಚಾಚಿರುತ್ತಲ್ಲ, ಅದ್ರ ಪಕ್ಕದ್ದು ಎಮಿಟರ್. ಕಾಲು ಮೇಲೆ ಬರೋ ಹಂಗೆ ಹಿಡ್ಕೊಂಡು ಅಲ್ಲಿಂದ ಪ್ರದಕ್ಷಿಣೆ ಹಾಕಿ, ಎಮಿಟರ್, ಬೇಸ್, ಕಲೆಕ್ಟರ್. ಲೋಹದ ಮೈ ಕಲೆಕ್ಟರಿಗೇ ಸೇರಿರುತ್ತೆ, ಪಕ್ಕದ ಕಾಂಪೊನೆಂಟಿಗೆ ತಾಗದಂಗೆ ನೋಡ್ಕೊಳಿ. ಐಸಿ ಬಂದ್ರೆ ಮೇಲಿಂದ ನೋಡಿ ಅಪ್ರದಕ್ಷಿಣೆ: ಗೀಟೋ ಚುಕ್ಕಿಯೋ ಇರೋ ಕಡೆ ಎಡಗಡೆದು 1, ಅಲ್ಲಿಂದ ಕೆಳಗಿಳಿದು ಬಲಗಡೆ ಮೇಲೆ ಹತ್ತೋದು. 555 ಟೈಮರಲ್ಲಿ 1 ಗ್ರೌಂಡು, 8 ಸಪ್ಲೈ, ಹಳೇ 7400 ಜಾತಿಯ 14 ಕಾಲಿನ ಲಾಜಿಕ್ ಐಸಿಗಳಲ್ಲಿ ಬಹುತೇಕ 7 ಗ್ರೌಂಡು, 14 ಸಪ್ಲೈ. ಕಾಲಿಂದ ಕಾಲಿಗೆ 2.54 ಮಿಲಿಮೀಟರ್, ಅಂದ್ರೆ ಇಂಚಿನ ಹತ್ತನೇ ಒಂದು ಭಾಗ, ಸೀರೋ ಬೋರ್ಡಿನ ತೂತೂ ಅಷ್ಟೇ ದೂರ. ದೇವಸ್ಥಾನದಲ್ಲಿ ಹಾಕಬಾರದ ಸುತ್ತು ಐಸಿಗೆ ಹಾಕ್ಬೇಕು ಅಂತ ನಾನು ಪ್ರಾಜೆಕ್ಟಿಗೆ ಬರೋ ಇಂಜಿನಿಯರಿಂಗ್ ಹುಡುಗ್ರಿಗೆ ಹೇಳ್ತೀನಿ, ಒಂದ್ಸಲ ಕೇಳ್ದೋರು ಮರೆಯಲ್ಲ.

ಈಗ ಟೆಸ್ಟರಿನ ಬಂಡವಾಳ ಬಿಚ್ಚೋ ಟೈಮು. ಟಿಓ-220, ಅಂದ್ರೆ ಬೆನ್ನಿಗೆ ಲೋಹದ ತಗಡು, ತಗಡಲ್ಲಿ ಬೋಲ್ಟಿನ ತೂತು ಇರೋದು, ಅದ್ರಲ್ಲಿ ಮಾಸ್‌ಫೆಟ್, ಅಂದ್ರೆ ಗೇಟಿನ ವೋಲ್ಟೇಜಲ್ಲಿ ಆನ್ ಆಗೋ ಟ್ರಾನ್ಸಿಸ್ಟರ್, ಬಂದ್ರೆ ಟೆಸ್ಟರ್ ಚೆನ್ನಾಗೇ ಹಿಡಿಯುತ್ತೆ. ಐಆರ್‌ಎಫ್‌ಜೆಡ್44 ಹಾಕ್ದೆ, ಗೇಟ್-ಡ್ರೈನ್-ಸೋರ್ಸ್ ಸರಿಯಾಗಿ ಹೇಳ್ತು, ಎಷ್ಟು ವೋಲ್ಟಿಗೆ ಆನ್ ಆಗುತ್ತೆ ಅಂತಾನೂ ಹೇಳ್ತು. ಅದೇ ಮೈಯ 5 ವೋಲ್ಟ್ ರೆಗ್ಯುಲೇಟರ್ 7805 ಹಾಕಿ ನೋಡಿ, ಡಯೋಡು ಅನ್ನುತ್ತೆ, ರೆಸಿಸ್ಟರ್ ಅನ್ನುತ್ತೆ, ಏನೇನೋ ಬಡಬಡಿಸುತ್ತೆ. ಅದು ಮೆಷಿನ್ ತಪ್ಪಲ್ಲ, ಮೂರು ಕಾಲಿದ್ರೂ 7805 ಒಂದು ಐಸಿ, ಇದು ಐಸಿ ನೋಡೋ ಮೆಷಿನ್ ಅಲ್ಲ. ಆದ್ರೆ ನಿಜವಾಗ್ಲೂ ಕೈ ಸುಡೋದು ಈ ಜಾತೀಲೇ. ಬರ್ದಿರೋ ಮುಖ ನಮ್ ಕಡೆ ಇಟ್ರೆ 7805 ಇನ್‌ಪುಟ್-ಗ್ರೌಂಡ್-ಔಟ್‌ಪುಟ್, ಅದ್ರ ಮೈನಸ್ ತಮ್ಮ 7905 ಗ್ರೌಂಡ್-ಇನ್‌ಪುಟ್-ಔಟ್‌ಪುಟ್, ಎಲ್‌ಎಮ್317 ಅಡ್ಜಸ್ಟ್-ಔಟ್‌ಪುಟ್-ಇನ್‌ಪುಟ್. ಮೂರೂ ನೋಡೋಕೆ ಅವಳಿ ಜವಳಿ. ಬೆನ್ನಿನ ತಗಡು 7805ಗೆ ಗ್ರೌಂಡು, 7905ಗೆ ಇನ್‌ಪುಟ್ಟು, 317ಗೆ ಔಟ್‌ಪುಟ್ಟು. ಎಲ್ಲಾನೂ ಒಂದೇ ಹೀಟ್‌ಸಿಂಕಿಗೆ ಮಧ್ಯೆ ಕರೆಂಟ್ ತಡೆಯೋ ಮೈಕಾ ಹಾಳೆ ಇಲ್ದೆ ಬಿಗಿದ್ರೆ ಶಾರ್ಟ್ ಆಗ್ದೆ ಇನ್ನೇನಾಗುತ್ತೆ. ಇನ್ನೊಂದು ಕುಚೋದ್ಯ, 7805ರ ಸಣ್ಣ ಸೈಜು 78ಎಲ್05 ಟಿಓ-92ನಲ್ಲಿ ಬರುತ್ತಲ್ಲ, ಅದ್ರ ಕಾಲು ಕನ್ನಡೀಲಿ ನೋಡ್ದಂಗೆ ಉಲ್ಟಾ, ಔಟ್‌ಪುಟ್-ಗ್ರೌಂಡ್-ಇನ್‌ಪುಟ್. ಯಾರು ಯಾವ ಕೋಪದಲ್ಲಿ ಮಾಡಿದ್ರೋ.

ಗುಬ್ಬಿ ಕಡೆ ಒಬ್ಬ ಹುಡುಗ ಕೋಳಿಮೊಟ್ಟೆ ಮರಿ ಮಾಡ್ಸೋ ಇನ್‌ಕ್ಯುಬೇಟರ್ ಕಟ್ಟಿದ್ದ, ಟೆಂಪರೇಚರ್ ತೋರ್ಸ್ತಿಲ್ಲ ಅಂತ ತಂದ. ಸೆನ್ಸರ್ ಮುಟ್ಟಿದ್ರೆ ಬೆರಳು ಚುರ್ ಅಂತು. ಎಲ್‌ಎಮ್35 ಇದ್ದ ಜಾಗಕ್ಕೆ ಡಿಎಸ್18ಬಿ20 ಹಾಕಿದ್ದಾನೆ, ಪ್ರೋಗ್ರಾಮ್ ಎಲ್ಲಾ ಚೇಂಜ್ ಮಾಡಿದ್ದಾನೆ, ಪಾಪ ಒಳ್ಳೇ ಕೆಲ್ಸನೇ, ಕಾಲು ಮಾತ್ರ ನೋಡಿಲ್ಲ. ಚಪ್ಪಟೆ ಮುಖ ಎದುರಿಟ್ರೆ ಎಲ್‌ಎಮ್35ಕ್ಕೆ ಎಡಗಡೆ ಸಪ್ಲೈ, ಬಲಗಡೆ ಗ್ರೌಂಡು. ಡಿಎಸ್18ಬಿ20ಗೆ ಎಡಗಡೆ ಗ್ರೌಂಡು, ಬಲಗಡೆ ಸಪ್ಲೈ. "ಅಣ್ಣಾ, ಎರಡೂ ಒಂದೇ ಥರ ಐತಲ್ಲಣ್ಣ" ಅಂದ. ತಿರುಗ್ಸಿ ಹಾಕಿದ್ವಿ, ಪುಣ್ಯಕ್ಕೆ ಸತ್ತಿರ್ಲಿಲ್ಲ. ಇಂಥಾದ್ದನ್ನ ಟೆಸ್ಟರ್ ಹೇಳಲ್ಲ, ಕಂಪನಿಯವರು ಕೊಡೋ ಡೇಟಾಶೀಟೇ ನೋಡ್ಬೇಕು. ಡೇಟಾಶೀಟ್ ನೋಡೋವಾಗ್ಲೂ ಚಿತ್ರದ ಕೆಳಗೆ ಮೇಲಿಂದ ಕಾಣೋದಾ ಕೆಳಗಿಂದ ಕಾಣೋದಾ ಅಂತ ಓದಿ, ಎಲ್‌ಎಮ್35 ಚಿತ್ರ ಕೆಳಗಿಂದ ಬರ್ದಿರೋದು, ಅದೊಂದು ಸಾಲು ಬಿಟ್ಟು ಓದಿ ಸೆನ್ಸರ್ ಸುಟ್ಕೊಂಡೋರು ಎಷ್ಟು ಜನಾನೋ.

ಫ್ಯಾನ್ ರೆಗ್ಯುಲೇಟರ್ ರಿಪೇರಿ ಮಾಡೋರು ಇದನ್ನ ಓದಿ. ಅದ್ರಲ್ಲಿರೋ ಬಿಟಿ136 ಟ್ರಯಾಕ್, ಅಂದ್ರೆ ಎಸಿ ಕರೆಂಟ್ ಹಿಡಿತದಲ್ಲಿಡೋ ಸ್ವಿಚ್ಚು, ಚೆನ್ನಾಗಿದ್ರೂ ಈ ಟೆಸ್ಟರ್ ಎಷ್ಟೋ ಸಲ ಏನೂ ಇಲ್ಲ ಅನ್ನುತ್ತೆ. ಟೆಸ್ಟರ್ ಕೊಡೋದು ಹೆಚ್ಚಂದ್ರೆ ಏಳು ಮಿಲಿಆಂಪು, ಮಾಮೂಲಿ ಬಿಟಿ136 ಗೇಟಿಗೆ 35ರವರೆಗೂ ಬೇಕಾಗ್ಬಹುದು. ನಾನು ಮೊದಲ ತಿಂಗಳು ಮೂರು ಒಳ್ಳೇ ಟ್ರಯಾಕ್ ಕಸಕ್ಕೆ ಹಾಕಿದೀನಿ ಇದ್ರ ಮಾತು ಕೇಳಿ. ಟ್ರಯಾಕಿಗೆ 12 ವೋಲ್ಟು, ಒಂದು ಬಲ್ಬು, ಗೇಟಿಗೊಂದು ರೆಸಿಸ್ಟರು, ಅದೇ ಹಳೇ ಪದ್ಧತಿ ಸರಿ. ಬಿಟಿ136 ಬೆನ್ನಿನ ತಗಡು ಮಧ್ಯದ ಕಾಲಿಗೇ ಸೇರಿರೋದು, ಅಂದ್ರೆ ಮೈನ್ಸ್ ಲೈನಲ್ಲೇ ಇರೋದು, ಕರೆಂಟ್ ಇರುವಾಗ ಮುಟ್ಟಿ ನೋಡೋ ಸಾಹಸ ಬೇಡ ಸ್ವಾಮಿ. ಇಂಡಕ್ಷನ್ ಸ್ಟವ್ವಿನ ದಪ್ಪ ಐಜಿಬಿಟಿ ಅನ್ನೋ ಪವರ್ ಟ್ರಾನ್ಸಿಸ್ಟರ್, ಟಿಓ-247 ಮೈಯಲ್ಲಿ ಗೇಟ್-ಕಲೆಕ್ಟರ್-ಎಮಿಟರ್ ಅಂತ ಬರೋದು, ಅದಕ್ಕೂ ಇದೇ ಗತಿ, ಅವು ಆನ್ ಆಗೋಕೇ ಸುಮಾರು 5 ವೋಲ್ಟ್ ದಾಟ್ಬೇಕು, ಟೆಸ್ಟರ್ ಹತ್ರ ಇರೋದೇ 5 ವೋಲ್ಟು. ಶಾರ್ಟ್ ಆಗಿರೋದು ಮಾತ್ರ ಗೊತ್ತಾಗುತ್ತೆ, ಇಂಡಕ್ಷನಲ್ಲಿ ಹೋಗಿರೋ ಐಜಿಬಿಟಿ ಬಹುತೇಕ ಶಾರ್ಟೇ ಆಗಿರುತ್ತೆ ಅನ್ನೋದು ನಮ್ ಪುಣ್ಯ.

ಇನ್ನು 2ಎನ್3055. ಈ ಮೆಷಿನ್ ಮೇಲೆ ನಂಗಿರೋ ದೊಡ್ಡ ಬೇಜಾರು, ಬೇಜಾರು ಅನ್ನೋಕಿಂತ ನಾನೇ ಹೆಚ್ಚು ನಂಬಿದ್ದಕ್ಕೆ ಬಿದ್ದ ಏಟು. ಹೋದ ಗಣೇಶನ ಹಬ್ಬಕ್ಕೆ ಒಂದು ಬೀದಿ ಹುಡುಗ್ರ ಹಳೇ ಆಂಪ್ಲಿಫೈಯರ್ ಬಂತು. 3055 ಅಂದ್ರೆ ಟಿಓ-3, ಆ ಬಾದಾಮಿ ಆಕಾರದ ದಪ್ಪ ಲೋಹದ ಮೈ, ಕಾಲು ಎರಡೇ, ಬೇಸು ಎಮಿಟರು, ಕಲೆಕ್ಟರ್ ಅಂದ್ರೆ ಮೈಯೇ. ಅದಕ್ಕೇ ಕೆಳಗೆ ಮೈಕಾ ಹಾಳೆ, ಬಿಳಿ ಪೇಸ್ಟು, ಬೋಲ್ಟಿಗೆ ಪ್ಲಾಸ್ಟಿಕ್ ಬುಷ್ಷು, ಒಂದು ಬುಷ್ ಮರೆತ್ರೆ ಫ್ಯೂಸ್ ಹೋಗುತ್ತೆ. ನಾಲ್ಕು ಹೊಸ ಪೀಸ್ ತಂದೆ, ಸಾಕೆಟ್ಟಿಗೆ ಕೂರಲ್ಲ, ಮೂರು ವೈರಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಟೆಸ್ಟ್ ಮಾಡ್ದೆ, ನಾಲ್ಕೂ ಎನ್‌ಪಿಎನ್, ಗೇನ್ ಚೆನ್ನಾಗಿದೆ, ಭೇಷ್ ಅಂತು. ಹಾಕಿದ್ವಿ. ಟೆಸ್ಟಿಂಗಿಗೆ ಹತ್ತು ನಿಮಿಷ ಹಾಡು ಹಾಕಿದ್ವಿ, ಸೊಗಸಾಗಿತ್ತು. ರಾತ್ರಿ ಆರ್ಕೆಸ್ಟ್ರಾದವರು ಬಂದು ವಾಲ್ಯೂಮ್ ಏರಿಸಿದ್ರು ನೋಡಿ, ಎರಡನೇ ಹಾಡಿಗೇ ಢಮ್. ಮಾರನೇ ದಿನ ಸತ್ತಿದ್ದ ಒಂದ್ರ ಟೋಪಿ ಗರಗಸದಲ್ಲಿ ಕೊಯ್ದು ನೋಡ್ದೆ. ಹಳೇ ಒರಿಜಿನಲ್ ಒಳಗೆ ದೊಡ್ಡ ಸಿಲಿಕಾನ್ ಚೂರು ಇರುತ್ತೆ, ಇದ್ರಲ್ಲಿ ಜೀರಿಗೆ ಕಾಳಷ್ಟು. 15 ಆಂಪು, 115 ವಾಟು ಅಂತ ಪುಸ್ತಕದಲ್ಲಿರೋ ಟ್ರಾನ್ಸಿಸ್ಟರು ಇದು. ಏಳು ಮಿಲಿಆಂಪ್ ಕೊಟ್ಟು ಕೇಳಿದ್ರೆ ಜೀರಿಗೇನೂ 3055 ಅಂತಾನೇ ಹೇಳುತ್ತೆ. ಕಾಲು ಯಾವ್ದು, ಜೀವ ಇದ್ಯಾ ಅಂತ ಈ ಮೆಷಿನ್ ಹೇಳುತ್ತೆ, ಎಷ್ಟು ಹೊರೆ ಹೊರುತ್ತೆ ಅಂತ ಕೇಳ್ಬೇಡಿ. ಆ ಹುಡುಗ್ರಿಗೆ ದುಡ್ಡು ವಾಪಸ್ ಕೊಟ್ಟೆ, ಪ್ರಸಾದ ಮಾತ್ರ ತಂದು ಕೊಟ್ರು.

ಎಸ್‌ಎಮ್‌ಡಿ, ಅಂದ್ರೆ ಬೋರ್ಡ್ ಮೇಲ್ಮೈಗೇ ಬೆಸುಗೆ ಹಾಕೋ ಸಣ್ಣ ಪಾರ್ಟಿನ ಕೆಲ್ಸ ಮಾಡೋರಿಗೆ: ಬೋರ್ಡ್ ಮೇಲೇ 1, 2, 3 ಅಂತ ಚಿನ್ನದ ಬಣ್ಣದ ಪ್ಯಾಡ್ ಇದೆ, ಸಾಟ್-23 ಅನ್ನೋ ಮೂರು ಕಾಲಿನ ಸೊಳ್ಳೆಯನ್ನ ಟ್ವೀಜರಲ್ಲಿ ಅದ್ರ ಮೇಲೆ ಒತ್ತಿ ಹಿಡಿದು ಬಟನ್ ಒತ್ತಬಹುದು. ಮೂರನೇ ಕೈ ಇದ್ರೆ ಒಳ್ಳೇದು. ಬಿಸಿ547ರ ತಮ್ಮ ಬಿಸಿ847ಬಿ, ಮೈ ಮೇಲೆ 1ಎಫ್ ಅಂತ ಇರುತ್ತೆ ಅಷ್ಟೇ, ಎರಡು ಕಾಲಿರೋ ಕಡೆ ಬೇಸು ಎಮಿಟರು, ಒಂಟಿ ಕಾಲು ಕಲೆಕ್ಟರು. ಅದೇ ಸೊಳ್ಳೆ ಮೈಯಲ್ಲಿ ಡಬಲ್ ಡಯೋಡೂ ಬರುತ್ತೆ, ಮಾಸ್‌ಫೆಟ್ಟೂ ಬರುತ್ತೆ, ರೆಗ್ಯುಲೇಟರೂ ಬರುತ್ತೆ, ರೆಗ್ಯುಲೇಟರ್ ಬಿಟ್ಟು ಉಳಿದಿದ್ದಕ್ಕೆ ಇಲ್ಲಿ ಟೆಸ್ಟರ್ ನಿಜವಾಗ್ಲೂ ದೇವರು. ಸಾಟ್-223ಯಲ್ಲಿ ಬರೋ 1117 ರೆಗ್ಯುಲೇಟರ್ ಬಗ್ಗೆ ಒಂದೇ ಮಾತು, ಅದ್ರ ಅಗಲದ ತಗಡು ಔಟ್‌ಪುಟ್ಟು, 7805 ಅಭ್ಯಾಸದಲ್ಲಿ ಗ್ರೌಂಡ್ ಅಂದ್ಕೊಂಡು ತಾಮ್ರದ ಪಟ್ಟಿಗೆ ಬೆಸುಗೆ ಹಾಕ್ಬೇಡಿ.

ನಂದು ಈಗಿರೋದು ಎರಡನೇ ಟೆಸ್ಟರು. ಮೊದಲನೇದು ನಾಲ್ಕು ತಿಂಗಳಿಗೆ ಸತ್ತಿದ್ದು ನನ್ ಕೈಯಿಂದಾನೇ. ಎಸ್‌ಎಮ್‌ಪಿಎಸ್ ಬೋರ್ಡಿಂದ ತೆಗೆದ 400 ವೋಲ್ಟ್ ಕೆಪಾಸಿಟರ್, ಡಿಸ್ಚಾರ್ಜ್ ಮಾಡಿದೀನಿ ಅನ್ನೋ ಧೈರ್ಯದಲ್ಲಿ ಸಾಕೆಟ್ಟಿಗೆ ಇಟ್ಟೆ, ಚಟ್ ಅಂತು, ಆಮೇಲೆ ಡಿಸ್‌ಪ್ಲೇ ಬರ್ಲೇ ಇಲ್ಲ. ಕೆಪಾಸಿಟರನ್ನ ರೆಸಿಸ್ಟರ್ ಇಟ್ಟು ಖಾಲಿ ಮಾಡಿ, ಮಲ್ಟಿಮೀಟರಲ್ಲಿ ಸೊನ್ನೆ ಬಂದಿದ್ದು ನೋಡಿ, ಆಮೇಲೆ ಇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಇಎಸ್‌ಆರ್, ಅಂದ್ರೆ ಅದ್ರ ಒಳಗಿನ ರೆಸಿಸ್ಟೆನ್ಸ್, ತೋರ್ಸೋದಕ್ಕೇ ಈ ಟೆಸ್ಟರ್ ತಗೊಳೋರು ಇದಾರೆ, ಟಿವಿ ರಿಪೇರಿಯವರು, ಅವರಿಗೆ ಇದನ್ನ ಮೂರು ಸಲ ಹೇಳ್ಬೇಕು.

9 ವೋಲ್ಟ್ ಬ್ಯಾಟರಿ ಖರ್ಚು ಜಾಸ್ತಿ ಏನಿಲ್ಲ, ತಾನೇ ಆಫ್ ಆಗುತ್ತೆ. ಸಾಕೆಟ್ಟಿನ ಲಿವರ್ ಆರು ತಿಂಗಳಿಗೆ ಸಡಿಲ ಆಯ್ತು, ತೆಳ್ಳಗಿನ ಕಾಲನ್ನ ಹಿಡಿಯಲ್ಲ, ಅದಕ್ಕೊಂದು ಸ್ಟಾರ್ ಕಟ್. ಟ್ರಯಾಕ್ ವಿಷ್ಯಕ್ಕೆ ನಾನು ಕಟ್ ಮಾಡಲ್ಲ, ಏಳ್ನೂರು ರೂಪಾಯಿಗೆ ಇನ್ನೇನ್ ಕೇಳ್ತೀರ. ಟಿಸಿ1 ಅಂತ ಇದ್ರ ಅಣ್ಣ ಸಿಗುತ್ತೆ, ಕಲರ್ ಡಿಸ್‌ಪ್ಲೇ, ಚಾರ್ಜ್ ಮಾಡೋ ಬ್ಯಾಟರಿ, ಡಬ್ಬಿ ಸಮೇತ, 30 ವೋಲ್ಟ್‌ವರೆಗೂ ಜೀನರ್ ಡಯೋಡ್ ನೋಡುತ್ತೆ, ಇದ್ರಲ್ಲಿ ಜೀನರ್ ನಾಲ್ಕೂವರೆ ವೋಲ್ಟಿಗೆ ಮುಗೀತು. ಸ್ಟೆಬಿಲೈಜರ್, ಯುಪಿಎಸ್ ಜಾಸ್ತಿ ಮಾಡೋರು ಅದನ್ನೇ ತಗೊಳಿ, ದುಡ್ಡು ಹೋದ್ರೂ ಪರ್ವಾಗಿಲ್ಲ. ನನ್ ಥರ ದಿನಕ್ಕೆ ನಾಲ್ಕು ಟ್ರಾನ್ಸಿಸ್ಟರ್ ನೋಡೋನಿಗೆ ಇದು ಸಾಕು.

ಡಬ್ಬಿ ಇಲ್ಲ ಅಂದ್ನಲ್ಲ, ನಾನು ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ ಡಬ್ಬೀಲಿ ಕೂರ್ಸಿದೀನಿ. ಮುಚ್ಚಳದ ಮೇಲೆ ಮಾರ್ಕರಲ್ಲಿ "ಡಿಸ್ಚಾರ್ಜ್ ಮಾಡಿದ್ಯಾ?" ಅಂತ ದಪ್ಪಗೆ ಬರ್ದಿದ್ದೆ. ಅದ್ರ ಕೆಳಗೆ ನನ್ ಮಗಳು ಸ್ಕೆಚ್ ಪೆನ್ನಲ್ಲಿ "ಊಟ ಮಾಡಿದ್ಯಾ?" ಅಂತ ಸೇರ್ಸಿದಾಳೆ.